ಪಾದದ ಕೆಲಸ ಕೈಗೆ

ಪಾದ ಸ್ವಾಧೀನದಲ್ಲಿಲ್ಲದವರು ಮೋಟಾರು ನಡೆಸಬಲ್ಲರೇ ಎಂದು ನಾವು ಸಂಶಯಪಡುವುದುಂಟು. ಸಂಶಯ ನಿರಾಧಾರವಲ್ಲ. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗಿರುತ್ತದೆ. ಪಾದವು ಬ್ರೇಕಿಗೆ ತಡವಾಗಿ ಬಂದರೆ ಅನಾಹುತವೇ ಸರಿ.

ಆದುದರಿಂದ ಬರಿಯ ಧೈರ್ಯವನ್ನು ನೆಚ್ಚದೆ ಯಂತ್ರವನ್ನೇ ದೇಹಕ್ಕೆ ಹೊಂದಿಸಬೇಕು. ಚುಕ್ಕಾಣಿಯ ಬಳಿ ಸನ್ನೆಕೋಲೊಂದನ್ನು ಜೋಡಿಸುತ್ತಾರೆ. ಸಾಮಾನ್ಯವಾಗಿ ಅದನ್ನು ಮುಂದಕ್ಕೆ ನೂಕಿದರೆ ಬ್ರೇಕು, ಹಿಂದಕ್ಕೆ ಎಳೆದರೆ ವೇಗ. ಗೇರು ತಾನಾಗಿ ಬದಲಾಗುವ ಕಾರಿನಲ್ಲಿ ಕ್ಲಚ್ಚು ತುಳಿಯುವ ಕೆಲಸವೂ ಇಲ್ಲ. ತಿಳಿದವರಿಂದ ಕಲಿತು, ಲೈಸೆನ್ಸು ಪಡೆದ ಮೇಲೆಯೇ ಒಂಟಿಯಾಗಿ ರಸ್ತೆಗಿಳಿಯಬೇಕು.

ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆ ಇಂಥದನ್ನು ‘ಅಶಕ್ತರ ಗಾಡಿ’ ಎಂಬರ್ಥದ ಮಾತಿನಿಂದ ಕರೆದಿತ್ತು. 2019ರ ತಿದ್ದುಪಡಿ ‘ಹೊಂದಿಸಿದ ವಾಹನ’ ಎಂಬರ್ಥದ ಹೆಸರನ್ನಿತ್ತಿತು. ಹೆಸರು ಬದಲಾಯಿತು, ನಮ್ಮ ಮನಸ್ಸೂ ಬದಲಾಗಲಿ.