ಇರುಳು ಬೇಟೆಗಾರನ ಎದೆಚೀಲ

ಹಗಲಿನ ಬೇಟೆಗೂ ಇರುಳಿನ ಬೇಟೆಗೂ ಇರುವ ಅಂತರ ಬೆಳಕಿನದು ಮಾತ್ರವಲ್ಲ. ಹಗಲಿನಲ್ಲಿ ಬೇಟೆಗಾರನು ಬೇಕಾದುದನ್ನು ಕಣ್ಣಿನಿಂದ ಹುಡುಕಿ ಕೈಯಿಂದ ತೆಗೆದುಕೊಳ್ಳುತ್ತಾನೆ. ಇರುಳಿನಲ್ಲಾದರೋ ಹುಡುಕುವುದೂ ಕೈಯೇ, ತೆಗೆಯುವುದೂ ಕೈಯೇ. ಆ ಕೈ ತಡವರಿಸುವಷ್ಟರಲ್ಲಿ ಮಿಗ ಓಡಿಹೋಗಬಹುದು. ಗಾಯಗೊಂಡ ಮಿಗವಾದರೆ ಮೇಲೆಯೇ ಬೀಳಬಹುದು. ಕತ್ತಲಲ್ಲಿ ಕೈಗೆ ಸಿಗದ ವಸ್ತು ಜೊತೆಯಲ್ಲಿದ್ದರೂ ಇಲ್ಲದ ಹಾಗೆಯೇ ಸರಿ. ಈ ಒಂದು ಮಾತನ್ನು ಅರಿತವರು ಕಂಡುಕೊಂಡ ಉಪಾಯವೇ ಎದೆಯ ಮೇಲೆ ಕಟ್ಟಿಕೊಳ್ಳುವ ಚೀಲ.

ಮಲೆನಾಡಿನಿಂದಲೂ ಕೊಡಗಿನಿಂದಲೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಿಗೆ ಮರಸಿಗೆ ಕೂರುವ ಮಾತು ಹೊಸದಲ್ಲ. ಹಣ್ಣು ಉದುರುವ ಮರದ ಹತ್ತಿರವೋ ನೀರಿನ ಹತ್ತಿರವೋ ಕೋವಿ ಹಿಡಿದು ಅಡಗಿ ಕುಳಿತು ಮಿಗದ ದಾರಿ ಕಾಯುವುದೇ ಮರಸು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಆ ಲೋಕದ ಪರಿಚಯ ಉಂಟಷ್ಟೆ. ಕೇಪಿನ ಕೋವಿಯ ಆ ಕಾಲದಲ್ಲಿ ಮದ್ದು, ಚರೆ, ಕೇಪು ಎಂದು ಮೂರನ್ನೂ ಬೇರೆ ಬೇರೆಯಾಗಿ ಒಯ್ಯಬೇಕಾಗಿತ್ತು. ಮದ್ದಿಗೆ ತೇವ ತಗಲಿದರೆ ಕೆಟ್ಟಿತು. ಕಡಲೆಯಷ್ಟೂ ಇಲ್ಲದ ಕೇಪು ಬೆರಳಿನಿಂದ ಜಾರಿ ತರಗೆಲೆಯೊಳಗೆ ಬಿದ್ದರೆ ಬೆಳಗಾಗುವವರೆಗೂ ಸಿಕ್ಕದು. ಯಾವುದು ಎಲ್ಲಿದೆಯೆಂದು ಬೆರಳಿಗೆ ಗೊತ್ತಿರಬೇಕೆಂಬುದು ನಮ್ಮ ಹಿರಿಯರು ಪುಸ್ತಕ ಓದಿ ಕಲಿತ ಪಾಠವಲ್ಲ.

ಇರುಳಿನಲ್ಲಿ ಸಲಕರಣೆ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ಜಿಮ್ ಕಾರ್ಬೆಟ್ಟರ ಅನುಭವವೇ ಸಾಕ್ಷಿ. ಗಢವಾಲದ ರುದ್ರಪ್ರಯಾಗದ ನರಭಕ್ಷಕ ಚಿರತೆ 1918ರಿಂದ 1926ರವರೆಗೆ, ಸರ್ಕಾರದ ಲೆಕ್ಕದಂತೆ, 125 ಜನರನ್ನು ಕೊಂದಿತ್ತು. 1926ರ ಮೇ ತಿಂಗಳ ಮೊದಲಲ್ಲಿ ಗುಲಾಬ್‌ರಾಯ್ ಎಂಬಲ್ಲಿ ಯಾತ್ರಿಕರ ದಾರಿಯ ಪಕ್ಕದ ಮಾವಿನ ಮರದ ಮೇಲೆ ಕಾರ್ಬೆಟ್ ಕುಳಿತಿದ್ದರು. ಕೆಳಗೆ ಕತ್ತಿನಲ್ಲಿ ಗಂಟೆ ಕಟ್ಟಿದ ಆಡು. ಕೋವಿಗೆ ಬಿಗಿದ ಟಾರ್ಚು. ಗಂಟೆ ಗಲಗಲ ಎಂದಿತು, ಟಾರ್ಚು ಬೆಳಗಿತು, ಗುಂಡು ಹಾರಿತು. ಆ ಕೂಡಲೇ ಟಾರ್ಚು ಮಂಕಾಗಿ ಆರಿಯೂ ಹೋಯಿತು. ಎಂಟು ವರ್ಷ ಆ ಸೀಮೆಯನ್ನು ನಡುಗಿಸಿದ ಪ್ರಾಣಿ ಸತ್ತಿತೋ, ಗಾಯಗೊಂಡು ಬುಡದಲ್ಲಿಯೇ ಹೊಂಚಿ ಕುಳಿತಿತೋ ತಿಳಿಯದೆ ಅವರು ಮರದ ಮೇಲೆಯೇ ಕಾಯಬೇಕಾಯಿತು. ಬೆಳಗಾದ ಮೇಲೆ ಚಿರತೆ ಸತ್ತಿರುವುದು ಕಂಡಿತು. ಬೆಳಕು ಒಂದು ಕ್ಷಣ ಮೊದಲೇ ಆರಿದ್ದರೆ ರುದ್ರಪ್ರಯಾಗದ ಕತೆ ಎಲ್ಲಿಗೆ ಹೋಗುತ್ತಿತ್ತೋ ಯಾರು ಬಲ್ಲರು? ಬೆಂಗಳೂರಿನ ಕೆನೆತ್ ಆಂಡರ್ಸನ್ನರೂ ಕೋವಿಗೆ ಟಾರ್ಚು ಬಿಗಿದು ಎಷ್ಟೋ ರಾತ್ರಿ ಕಾಡಿನಲ್ಲಿ ಕಳೆದವರು. ಅವರ ಕತೆಗಳನ್ನು ತೇಜಸ್ವಿಯವರ ‘ಕಾಡಿನ ಕಥೆಗಳು’ ಕನ್ನಡದ ಮನೆಮನೆಗೆ ತಲುಪಿಸಿದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತೆಂದು ನಾವು ಬಲ್ಲೆವು. ಆದರೆ ಇರುಳು ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ನಾಡುಗಳು ಇನ್ನೂ ಉಂಟು. ಅಮೆರಿಕದ ಟೆಕ್ಸಾಸ್ ರಾಜ್ಯವನ್ನೇ ನೋಡೋಣ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಅಮೆರಿಕಕ್ಕೆ ತಂದ ಸಾಕುಹಂದಿಗಳ ಸಂತತಿ ಕಾಡು ಸೇರಿ ಬೆಳೆದು, ಇಂದು ಅಲ್ಲಿನ ರೈತರ ಬೆಳೆಯನ್ನು ರಾತ್ರೋರಾತ್ರಿ ಉತ್ತು ಹಾಕುತ್ತದೆ. ಖಾಸಗಿ ಜಮೀನಿನಲ್ಲಿ ಒಡೆಯನ ಒಪ್ಪಿಗೆ ಇದ್ದರೆ ಈ ಹಂದಿಯನ್ನು ಹೊಡೆಯಲು 2019ರ ಸೆಪ್ಟೆಂಬರಿನಿಂದ ಅಲ್ಲಿ ಬೇಟೆಯ ಪರವಾನಗಿಯೂ ಬೇಕಾಗಿಲ್ಲ. ಗದ್ದೆಗೆ ಹಂದಿ ನುಗ್ಗಿದ ಬೆಳಗನ್ನು ಊರಿನಲ್ಲಿ ಕಂಡವರಿಗೆ ಆ ರೈತರ ಸಂಕಟ ಬಿಡಿಸಿ ಹೇಳಬೇಕಾದುದಿಲ್ಲ. ಎದೆಚೀಲ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಇಂತಹ ಕಡೆಗಳಲ್ಲಿ.

ಚೀಲದ ಆಯ್ಕೆ

ಎದೆಗೇ ಏಕೆ? ಬೆನ್ನಿನ ಚೀಲವಾದರೆ ಇಳಿಸಿ, ತಿರುಗಿಸಿ, ತಡಕಬೇಕು. ಷರಾಯಿಯ ಜೇಬು ಕುಳಿತಾಗ ಮಡಿಚಿಕೊಳ್ಳುತ್ತದೆ. ಮೇಲಂಗಿ ಹಾಕಿಕೊಂಡರೆ ಮುಚ್ಚಿಯೇ ಹೋಗುತ್ತದೆ. ಎದೆಯಾದರೋ ಎರಡು ಕೈಗೂ ಸಮನಾಗಿ ಸಿಗುವ ಸ್ಥಳ. ನಿಂತರೂ ಕುಳಿತರೂ ಅದು ಜಾಗ ಬದಲಿಸುವುದಿಲ್ಲ. ಇನ್ನೊಂದು ಲಾಭವೂ ಉಂಟು. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಂದುತ್ತದೆ. ಮೈಗೆ ಅಂಟಿಕೊಂಡ ಚೀಲದಲ್ಲಿ ಅದು ಬೆಚ್ಚಗಿರುತ್ತದೆ.

ಆರಿಸುವಾಗ ಮೊದಲು ನೋಡಬೇಕಾದುದು ಅಂದವನ್ನಲ್ಲ, ಶಬ್ದವನ್ನು. ಎಳೆದರೆ ಚರ್ರೆಂದು ಕಿರುಚುವ ಅಂಟುಪಟ್ಟಿ ಹಗಲಿಗೆ ಸರಿ; ನಡುರಾತ್ರಿಯ ನಿಶ್ಶಬ್ದದಲ್ಲಿ ಅದು ಡಂಗುರ ಹೊಡೆದಂತೆ. ಅಯಸ್ಕಾಂತದ ಮುಚ್ಚಳವೋ ಎಳೆದರೆ ಹಿಗ್ಗುವ ಪಟ್ಟಿಯೋ ಇದ್ದರೆ ಲೇಸು. ಜಿಪ್ಪು ಇದ್ದರೆ ಅದರ ಲೋಹದ ತುದಿಯನ್ನು ತೆಗೆದು ದಾರದ ಕುಣಿಕೆ ಹಾಕಬೇಕು. ಎರಡನೆಯದು ಬಾರು. ಬಲಗೈಯವನಿಗೆ ಕೋವಿಯ ಹಿಂಬದಿ ಬಲ ಹೆಗಲಿಗೆ ಒರಗುತ್ತದೆಯಲ್ಲವೆ? ಆ ಹೆಗಲಿನ ಬಾರು ತೆಳ್ಳಗೆ, ಕೊಂಡಿ ಗಂಟುಗಳಿಲ್ಲದೆ ಇರಬೇಕು. ಇಲ್ಲವಾದರೆ ಕೋವಿ ಸರಿಯಾಗಿ ಕೂರದೆ ಗುರಿ ತಪ್ಪುತ್ತದೆ. ಬಾರುಗಳು ಬೆನ್ನಿನಲ್ಲಿ ಒಂದನ್ನೊಂದು ಹಾಯ್ದುಹೋದರೆ ಭಾರ ಕತ್ತಿನ ಮೇಲೆ ಬೀಳದೆ ಎರಡು ಹೆಗಲಿಗೂ ಹಂಚಿಹೋಗುತ್ತದೆ. ಮೂರನೆಯದು ಗಾತ್ರ. ದೊಡ್ಡ ಚೀಲ ಕೊಂಡರೆ ಅದನ್ನು ತುಂಬುವ ಆಸೆ ಹುಟ್ಟುತ್ತದೆ. ತಲೆ ಬಗ್ಗಿಸಿದರೆ ಸ್ವಂತ ಪಾದ ಕಾಣದಷ್ಟು ಉಬ್ಬಿದ ಚೀಲ ತೊಟ್ಟವನು ಹಳ್ಳ ದಾಟುವಾಗ ಮುಗ್ಗರಿಸದೆ ಇರಲಾರ.

ಯಾವುದು ಎಲ್ಲಿ?

ಬಲಗೈಯವನ ಬಲಗೈ ಕೋವಿಯ ಮೇಲಿರುತ್ತದೆ. ಆದುದರಿಂದ ಚೀಲದ ಕೆಲಸವೆಲ್ಲ ಎಡಗೈಯದು. ಪದೇ ಪದೇ ಬೇಕಾದ ವಸ್ತುಗಳೆಲ್ಲ ಎಡಕ್ಕೋ ನಡುವಿಗೋ ಬರಬೇಕು. ಎಡಗೈಯವನು ಇದನ್ನು ತಿರುಗಿಸಿಕೊಂಡರಾಯಿತು.

ನಡುವಿನ ದೊಡ್ಡ ಖಾನೆಯಲ್ಲಿ ಮೈಶಾಖವನ್ನು ಕಂಡುಹಿಡಿದು ತೋರಿಸುವ ಥರ್ಮಲ್ ದುರ್ಬೀನು. ಕೈಜಾರಿದರೂ ನೆಲಕ್ಕೆ ಬೀಳದಂತೆ ಅದಕ್ಕೊಂದು ದಾರ. ಎಡ ಖಾನೆಯಲ್ಲಿ ಟಾರ್ಚು ಮತ್ತು ತಲೆಗೆ ಕಟ್ಟುವ ಕೆಂಪು ದೀಪ. ಕಣ್ಣು ಕತ್ತಲಿಗೆ ಪೂರಾ ಒಗ್ಗಲು 20ರಿಂದ 30 ನಿಮಿಷ ಬೇಕು. ಬಿಳಿಯ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ, ಮಂದವಾದ ಕೆಂಪು ಬೆಳಕು ಅಷ್ಟು ಕೆಡಿಸುವುದಿಲ್ಲ. ಮೊಬೈಲು ಫೋನು ಮೈಗೆ ತಾಗುವ ಒಳಗಿನ ಜೇಬಿನಲ್ಲಿ, ದನಿಯನ್ನೂ ಬೆಳಕನ್ನೂ ಅಡಗಿಸಿ ಇಟ್ಟಿರಬೇಕು.

ಬ್ಯಾಟರಿಯ ವಿಷಯದಲ್ಲಿ ಎರಡು ನಿಯಮ. ಹೊಸ ಬ್ಯಾಟರಿಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಇಡಬೇಕು. ಬಿಡಿಯಾಗಿ ಕೀಲಿಕೈ, ಚಿಲ್ಲರೆ ಕಾಸುಗಳೊಡನೆ ಬೆರೆತರೆ ಎರಡು ತುದಿಯೂ ಲೋಹಕ್ಕೆ ತಾಗಿ ಲಿಥಿಯಂ ಬ್ಯಾಟರಿ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಮುಗಿದ ಬ್ಯಾಟರಿಯನ್ನು ಮತ್ತೆ ಅದೇ ಡಬ್ಬಿಗೆ ಹಾಕಬಾರದು. ಅದಕ್ಕೂ ಒಂದು ಡಬ್ಬಿ, ಬೇರೆಯೇ ಜೇಬಿನಲ್ಲಿ. ಹೊಸದು ಹಳೆಯದು ಕತ್ತಲಲ್ಲಿ ಬೆರಳಿಗೆ ಒಂದೇ.

ರಕ್ತ ಸುರಿಯುವುದನ್ನು ತಡೆಯುವ ಬಿಗಿಪಟ್ಟಿಯನ್ನು ಚೀಲದ ಹೊರಗೇ, ಎರಡು ಕೈಗೂ ಸಿಗುವಂತೆ ಕಟ್ಟಿರಬೇಕು. ಅದು ಎಲ್ಲಿದೆಯೆಂದು ಜೊತೆಗಾರನಿಗೂ ತಿಳಿದಿರಬೇಕು. ಬೇಕಾದ ಹೊತ್ತಿನಲ್ಲಿ ಅದನ್ನು ತೆಗೆಯುವವನು ಬಹುಶಃ ಅವನೇ. ಚೂರಿಗೆ ಎದೆ ಸ್ಥಳವಲ್ಲ, ಸೊಂಟವೇ ಸರಿ. ತಿಂಡಿಯ ಪೊಟ್ಟಣ, ನೀರಿನ ಸೀಸೆ, ಹಗ್ಗ ಇವೆಲ್ಲ ಬೆನ್ನಿನ ಚೀಲಕ್ಕೆ ಹೋಗಲಿ.

ನೋಡುವುದು ಬೇರೆ, ಗುರಿಯಿಡುವುದು ಬೇರೆ

ಇಷ್ಟೆಲ್ಲ ವ್ಯವಸ್ಥೆಯಲ್ಲಿ ನಾವು ಬಹುಮುಖ್ಯವೆಂದು ತಿಳಿಯುವುದು ನಡುವಿನ ಖಾನೆಯ ಆ ದುರ್ಬೀನನ್ನು. ಕೋವಿಯ ಮೇಲೆಯೇ ಇಂತಹ ದುರ್ಬೀನು ಇರುವಾಗ ಕೈಯಲ್ಲಿ ಹಿಡಿಯುವ ಇನ್ನೊಂದು ಏಕೆಂದು ಕೆಲವರು ಕೇಳುತ್ತಾರೆ. ಕೋವಿಯ ದುರ್ಬೀನಿನಿಂದ ಸುತ್ತ ನೋಡುವವನು ತಾನು ನೋಡಿದ ಪ್ರತಿಯೊಂದಕ್ಕೂ ಕೋವಿ ತೋರಿಸಿದಂತಾಯಿತು. ಆ ಬಿಳಿಯ ಚುಕ್ಕೆ ಹಂದಿಯೋ, ರೈತನ ಕರುವೋ, ಬೇಲಿಯ ಬಳಿ ಬಗ್ಗಿ ಕುಳಿತ ಮನುಷ್ಯನೋ? ಶಾಖದ ಚಿತ್ರ ಅಲ್ಲೊಂದು ಜೀವವಿದೆಯೆಂದು ಬಲುದೂರದಿಂದಲೇ ಹೇಳುತ್ತದೆ; ಯಾವ ಜೀವವೆಂದು ಅಷ್ಟು ದೂರದಿಂದ ಹೇಳಲಾರದು. ಮಳೆ, ಮಂಜು ಇದ್ದರೆ ಚಿತ್ರ ಇನ್ನೂ ಮಸುಕು. ಕೋವಿಯನ್ನು ನೆಲದ ಕಡೆಗೆ ತಿರುಗಿಸಿ, ಕೈದುರ್ಬೀನಿನಿಂದ ನೋಡಿ, ಅದೇ ಮಿಗವೆಂದೂ ಅದರ ಹಿಂದೆ ಮನೆಯಾಗಲಿ ರಸ್ತೆಯಾಗಲಿ ಇಲ್ಲವೆಂದೂ ಖಚಿತವಾದ ಮೇಲೆ ಮಾತ್ರ ಕೋವಿ ಎತ್ತುವುದು ಧರ್ಮ. ಮಿಗವೆಂದು ಬಗೆದು ಜೊತೆಗಾರನಿಗೇ ಗುಂಡು ಹೊಡೆದ ದುಃಖದ ಸುದ್ದಿಗಳನ್ನು ನಮ್ಮ ಕಡೆಯ ಪತ್ರಿಕೆಗಳಲ್ಲೂ ಓದಿದ್ದೇವೆ. ಕೈದುರ್ಬೀನು ಸುಲಭವಾಗಿ ಕೈಗೆ ಬಂದರೆ ಬೇಟೆಗಾರ ಅದನ್ನು ಬಳಸುತ್ತಾನೆ. ಚೀಲದ ತಳದಲ್ಲಿ ಹೂತಿದ್ದರೆ ಬೇಸರಪಟ್ಟು ಕೋವಿಯನ್ನೇ ಎತ್ತುತ್ತಾನೆ. ಚೀಲ ಜೋಡಿಸುವುದು ಬರಿಯ ಅಚ್ಚುಕಟ್ಟಿನ ಪ್ರಶ್ನೆಯಲ್ಲ, ಒಂದು ಜೀವದ ಪ್ರಶ್ನೆ.

ಜೋಡಿಸಿದ ಮೇಲೆ ಮನೆಯಲ್ಲಿಯೇ ಪರೀಕ್ಷೆಯಾಗಬೇಕು. ಚೀಲ ತೊಟ್ಟು ನಾಲ್ಕು ಬಾರಿ ಕುಪ್ಪಳಿಸಿದರೆ ಏನು ಗಲಗುಟ್ಟುತ್ತದೆಂಬುದು ತಿಳಿಯುತ್ತದೆ. ಬಳಿಕ ದೀಪ ಆರಿಸಿ ಕುಳಿತು, ಮನೆಯವರು ಹೆಸರು ಹೇಳಿದ ವಸ್ತುವನ್ನು ಮೂರು ಎಣಿಸುವಷ್ಟರಲ್ಲಿ ತೆಗೆಯಬೇಕು. ತೆಗೆದುದನ್ನು ತೆಗೆದಲ್ಲಿಯೇ ಇಡಬೇಕು. ಈ ಆಟಕ್ಕೆ ಮಕ್ಕಳಿಗಿಂತ ಒಳ್ಳೆಯ ಪರೀಕ್ಷಕರಿಲ್ಲ.

ಕೋವಿಯೇ ಇಲ್ಲದ ನಮಗೆ ಇದರಿಂದೇನೆಂದು ವಾಚಕರು ಕೇಳಬಹುದು. ಮುಂಬಯಿ, ಪುಣೆಗಳಲ್ಲಿರುವ ನಮ್ಮ ಹುಡುಗ ಹುಡುಗಿಯರು ಮುಂಗಾರಿನ ಹೊಸ್ತಿಲಲ್ಲಿ ಮಿಂಚುಹುಳು ನೋಡಲು ರಾಜಮಾಚಿಗೆ ಹೋಗುತ್ತಾರೆ. ಮಳೆಗಾಲದ ರಾತ್ರಿ ಸಹ್ಯಾದ್ರಿಯ ಹಳ್ಳಗಳಲ್ಲಿ ಕಪ್ಪೆಯ ದನಿ ಹಿಡಿಯುವವರಿದ್ದಾರೆ. ಬಂಡೀಪುರ, ನಾಗರಹೊಳೆಗಳಲ್ಲಿ ರಾತ್ರಿ ಕಾಡು ಕಾಯುವವರಿದ್ದಾರೆ. ಅವರಿಗೂ ಬೇಕಾದುದು ಇದೇ ಶಿಸ್ತು: ಎಡಕ್ಕೆ ಟಾರ್ಚು, ಡಬ್ಬಿಯಲ್ಲಿ ಹೊಸ ಬ್ಯಾಟರಿ, ಹೊರಗೆ ಗಾಯದ ಪಟ್ಟಿ, ಕೆಂಪು ಬೆಳಕು. ಮಗ ಮಗಳು ಇರುಳು ಚಾರಣಕ್ಕೆ ಹೊರಟಾಗ ಚಕ್ಕುಲಿ ಕೋಡುಬಳೆ ಕಟ್ಟಿಕೊಡುವ ತಾಯಂದಿರು, ಹೊರಡುವ ಮೊದಲು ಒಮ್ಮೆ ದೀಪ ಆರಿಸಿ, “ಎಲ್ಲಿ, ಟಾರ್ಚು ತೆಗಿ ನೋಡೋಣ” ಎನ್ನಲಿ. ತಡಕಾಡದೆ ತೆಗೆದರೆ ಕಳುಹಿಸಿಕೊಡಬಹುದು.