ದೇವಾಲಯಗಳ ಛಾಯಾಚಿತ್ರಣದಲ್ಲಿ ಮುಕ್ಕಾಲಿಯ ವಿಚಾರ

ಶಿಲ್ಪವನ್ನೂ ಶಾಸನವನ್ನೂ ಕುರಿತು ಬರೆಯುವ ನಮ್ಮಂಥವರಿಗೆ ಛಾಯಾಚಿತ್ರವು ಈಗ ಲೇಖನದ ಅಲಂಕಾರವಾಗಿ ಉಳಿದಿಲ್ಲ; ಪ್ರಮಾಣದ ಪದವಿಗೇರಿದೆ. ಸ್ಥಳಕ್ಕೆ ಹೋಗಲಾರದ ವಾಚಕನು ಚಿತ್ರವನ್ನು ನೋಡಿಯೇ ನಮ್ಮ ಮಾತನ್ನು ಒಪ್ಪುವನು, ಇಲ್ಲವೆ ತಳ್ಳುವನು. ನ್ಯಾಯಸೂತ್ರಕಾರನು ಪ್ರತ್ಯಕ್ಷದ ಲಕ್ಷಣವನ್ನು ಹೇಳುವಾಗ ಅದು ವ್ಯಭಿಚರಿಸದ ಜ್ಞಾನವಾಗಿರಬೇಕೆಂಬ ವಿಶೇಷಣವನ್ನು ಸೇರಿಸಿದ್ದಾನೆ. ಹಾಗಾದರೆ ಓರೆಯಾಗಿ ಹಿಡಿದ ಕ್ಯಾಮೆರಾದ ಚಿತ್ರಕ್ಕೆ ಪ್ರಾಮಾಣ್ಯವೆಷ್ಟು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಪಾಠಶಾಲೆಯಲ್ಲಲ್ಲ, ನನ್ನದೇ ಒಂದು ಪ್ರಮಾದದಿಂದ. ಕೆಲವು ವರ್ಷಗಳ ಹಿಂದೆ ಯಲಹಂಕದ ಆಚೆಯ ಒಂದು ಗ್ರಾಮದಲ್ಲಿ ವೀರಗಲ್ಲೊಂದರ ಚಿತ್ರವನ್ನು ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ತೆಗೆದೆನು. ಮನೆಗೆ ಬಂದು ಚಿತ್ರವನ್ನು ನೋಡಿ, ಕಲ್ಲು ಬಲಕ್ಕೆ ವಾಲಿದೆ, ಬುಡದ ಮಣ್ಣು ಕುಸಿದಿರಬೇಕು ಎಂದು ಬರೆದದ್ದೂ ಆಯಿತು. ಮರುವರ್ಷ ಗಾರೆಯವನೊಬ್ಬನಿಂದ ತೂಗುಗುಂಡನ್ನು ಕೇಳಿ ತಂದು ಕಲ್ಲಿನ ಅಂಚಿಗೆ ಹಿಡಿದು ನೋಡಿದರೆ ಕಲ್ಲು ನೆಟ್ಟಗೆ ನಿಂತಿತ್ತು. ವಾಲಿದ್ದವನು ನಾನು. ಅಂದಿನಿಂದ ಮುಕ್ಕಾಲಿಯಿಲ್ಲದೆ ತೆಗೆದ ಚಿತ್ರವನ್ನು ನಾನು ಸ್ಮರಣೆಗೆ ಇಟ್ಟುಕೊಳ್ಳುವೆನೇ ಹೊರತು ಸಾಕ್ಷ್ಯಕ್ಕೆ ತರುವುದಿಲ್ಲ.

ಅಂಗಡಿಯವರು ಟ್ರೈಪಾಡ್ ಎನ್ನುವ ಈ ಸಲಕರಣೆಗೆ ಮುಕ್ಕಾಲಿ ಎಂಬ ನಮ್ಮ ಹಳೆಯ ಮಾತೇ ಸಾಕು. ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾಯುವುದಾದ್ದರಿಂದ ಮೂರು ಕಾಲಿನ ಪೀಠವು ಎಂಥ ಹಳ್ಳದಿಣ್ಣೆಯಲ್ಲಿಯೂ ಕುಂಟುವುದಿಲ್ಲ. ನಾಲ್ಕು ಕಾಲಿನದು ಕುಂಟುತ್ತದೆ. ಮಾಂಸವನ್ನು ಕಳೆದುಕೊಂಡು ನಿಲ್ಲಲಾರದಾದ ಭೃಂಗಿಗೆ ಶಿವನು ಮೂರನೆಯ ಕಾಲನ್ನೇ ಅನುಗ್ರಹಿಸಿದನೆಂಬ ಕಥೆಯನ್ನು ಕಟ್ಟಿದವರು ಈ ಮರ್ಮವನ್ನು ಅರಿತಿದ್ದರೆಂದು ತೋರುತ್ತದೆ.

ಓರೆಯೆಂಬುದು ಎಷ್ಟು ಹಾನಿ ಮಾಡುವುದೆಂಬುದನ್ನು ಲೆಕ್ಕದಿಂದ ತಿಳಿಯಬೇಕು. 30 ಅಡಿ ಅಗಲದ ಗೋಡೆಯ ಎದುರಿಗೆ ಕ್ಯಾಮೆರಾವು ಪಕ್ಕಕ್ಕೆ 1 ಡಿಗ್ರಿ ವಾಲಿದರೆ, ಚಿತ್ರದಲ್ಲಿ ಆ ಗೋಡೆಯ ಒಂದು ತುದಿಯು ಇನ್ನೊಂದಕ್ಕಿಂತ 6 ಅಂಗುಲಕ್ಕೂ ಮಿಗಿಲಾಗಿ ಏರಿದಂತೆ ಕಾಣುವುದು. ಇದಕ್ಕಿಂತ ಕೆಟ್ಟದ್ದು ಕ್ಯಾಮೆರಾವನ್ನು ಮೇಲಕ್ಕೆತ್ತುವ ಅಭ್ಯಾಸ. ಶಿಖರವು ಚೌಕಟ್ಟಿಗೆ ಬರಲೆಂದು ಅದನ್ನು 10 ಡಿಗ್ರಿ ಮಾತ್ರ ಎತ್ತಿದೆವೆನ್ನೋಣ. ಚಿತ್ರದ ನಡುವಿನಿಂದ 30 ಡಿಗ್ರಿ ಪಕ್ಕದಲ್ಲಿರುವ ಕಂಬವು ಆಗ ಸುಮಾರು 6 ಡಿಗ್ರಿ ಒಳಕ್ಕೆ ಬಾಗುತ್ತದೆ. ಎಡದ ಕಂಬ ಬಲಕ್ಕೆ, ಬಲದ ಕಂಬ ಎಡಕ್ಕೆ. ಶಿಲ್ಪಿಯು ಸೂತ್ರ ಹಿಡಿದು ನಿಲ್ಲಿಸಿದ ಮಂಟಪವು ಗುಡಾರದಂತೆ ಕಾಣುವುದು.

ಇದಕ್ಕೆ ಆಕ್ಷೇಪವುಂಟು. ಕಂಪ್ಯೂಟರಿನಲ್ಲಿ ಗೆರೆಗಳನ್ನು ಆಮೇಲೆ ನೆಟ್ಟಗೆ ಮಾಡಬಹುದಲ್ಲ, ಮುಕ್ಕಾಲಿಯನ್ನು ಹೊರುವುದೇಕೆ ಎಂದು ತರುಣರು ಕೇಳುತ್ತಾರೆ. ಮಾಡಬಹುದು, ನಿಜ. ಆದರೆ ಹಾಗೆ ಮಾಡುವಾಗ ಚಿತ್ರದ ಮೇಲ್ಭಾಗವನ್ನು ಹಿಗ್ಗಿಸಬೇಕಾಗುವುದು. ನಾವು ಓದಬೇಕೆಂದಿದ್ದ ಕಪೋತದ, ಶಿಖರದ ವಿವರಗಳೇ ಮಸುಕಾಗುವುವು. ಅಂಚುಗಳೂ ಕತ್ತರಿಸಿಹೋಗುವುವು. ಮುಖ್ಯ ದೋಷವು ಬೇರೊಂದಿದೆ. ಯಾವ ಗೆರೆಯನ್ನು ನೆಟ್ಟಗೆ ಮಾಡಬೇಕೆಂದು ಯಂತ್ರಕ್ಕೆ ಹೇಳುವವರು ಯಾರು? ಕಂಬವು ನೆಟ್ಟಗಿದೆಯೆಂದು ಮೊದಲೇ ನಂಬಿ ಅದರಂತೆ ತಿದ್ದುತ್ತೇವೆ. ಸಾಧಿಸಬೇಕಾದ್ದನ್ನೇ ಹೇತುವಾಗಿ ಇಟ್ಟುಕೊಂಡಂತಾಯಿತು. ನಿಜವಾಗಿಯೂ ವಾಲುತ್ತಿರುವ ಕಂಬವು ಅಂಥ ಚಿತ್ರದಲ್ಲಿ ಆರೋಗ್ಯವಂತನಾಗಿ ನಿಲ್ಲುವುದು. ಮುಕ್ಕಾಲಿಯ ಮೇಲಿನ ರಸಮಟ್ಟಕ್ಕಾದರೋ ಕಟ್ಟಡದ ಹಂಗಿಲ್ಲ. ಅದು ಭೂಮಿಯ ಸೆಳೆತವನ್ನು ಮಾತ್ರ ಬಲ್ಲದು. ಮಾನಸಾರದಲ್ಲಿ ಪ್ರತಿಮೆಯ ಅಂಗಗಳನ್ನು ಅಳೆಯಲು ತೂಗುಬಿಟ್ಟ ದಾರಗಳನ್ನು ಕುರಿತು ಪ್ರಲಂಬವಿಧಾನವೆಂಬ ಅಧ್ಯಾಯವೇ ಇದೆ. ಶಿಲ್ಪಿಯ ಆ ದಾರವೂ ನಮ್ಮ ರಸಮಟ್ಟವೂ ಒಂದೇ ನ್ಯಾಯಕ್ಕೆ ಸೇರಿದವು.

ಇನ್ನು ಆಯ್ಕೆಯ ಮಾತು. ಮುಕ್ಕಾಲಿಯಲ್ಲಿ ಕಾಲುಗಳು ಒಂದು ಭಾಗ, ಅವುಗಳ ಮೇಲೆ ಕುಳಿತು ಕ್ಯಾಮೆರಾವನ್ನು ಧರಿಸುವ ತಲೆ ಇನ್ನೊಂದು ಭಾಗ. ಕಾಲಿಗೂ ತಲೆಗೂ ನಡುವೆ 3/8 ಅಂಗುಲದ ತಿರುಪು, ತಲೆಗೂ ಕ್ಯಾಮೆರಾಕ್ಕೂ ನಡುವೆ 1/4 ಅಂಗುಲದ ತಿರುಪು ರೂಢಿಯಲ್ಲಿರುವುದರಿಂದ ಎರಡನ್ನೂ ಬೇರೆಬೇರೆಯಾಗಿ ಕೊಳ್ಳಬಹುದು; ಹಾಗೆ ಕೊಳ್ಳುವುದೇ ಲೇಸು.

ಕಾಲುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಮರದ್ದು ಭಾರವಾದರೂ ಕಂಪನವನ್ನು ಚೆನ್ನಾಗಿ ಅಡಗಿಸುವುದು. ಅಲ್ಯೂಮಿನಿಯಂ ಅಗ್ಗ. 1994ರಲ್ಲಿ ಗಿಟ್ಜೊ ಕಂಪನಿಯವರು ಬಳಕೆಗೆ ತಂದ ಕಾರ್ಬನ್ ನಾರಿನ ಕಾಲು ಹಗುರ, ಬೆಲೆ ಮಾತ್ರ ಭಾರ. ನಡುವಿನ ಕಂಬವನ್ನು ಎತ್ತಿ ಎತ್ತರ ಪಡೆಯುವುದು ಮೂರು ಕಾಲಿನ ಮೇಲೆ ಒಂಟಿಕಾಲನ್ನು ನಿಲ್ಲಿಸಿದಂತೆ; ಆ ಕಂಬವಿಲ್ಲದ ಮುಕ್ಕಾಲಿಯನ್ನೇ ನಾನು ಮೆಚ್ಚುವೆನು. ವೀರಗಲ್ಲಿನ ಚಿತ್ರಕ್ಕೆ ಲೆನ್ಸು ಕಲ್ಲಿನ ನಟ್ಟನಡುವಿಗೆ, ನೆಲದಿಂದ ಎರಡು ಮೂರು ಅಡಿಗೆ ಇಳಿಯಬೇಕು. ಹಾಗೆ ಕಾಲುಗಳನ್ನು ಅಗಲಿಸಿ ಇಳಿಸುವಾಗ ನಡುಗಂಬವು ನೆಲಕ್ಕೆ ತಾಗಿ ಅಡ್ಡಬರುವುದು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ, ಕ್ರಿ. ಶ. 750ರ ಸುಮಾರಿನ ಕಿತ್ತಯನ ಕಲ್ಲಿನಂಥವುಗಳಿಗೆ ಇನ್ನೊಂದು ಪ್ರಯೋಜನವುಂಟು. ಸವೆದ ಅಕ್ಷರಗಳನ್ನು ಓದಲು ದೀಪವನ್ನು ಎಡದಿಂದ, ಬಲದಿಂದ, ಮೇಲಿನಿಂದ ಓರೆಯಾಗಿ ಬೀರಿ ಹಲವು ಚಿತ್ರಗಳನ್ನು ತೆಗೆಯಬೇಕು. ಕ್ಯಾಮೆರಾ ಕೂದಲೆಳೆಯಷ್ಟೂ ಕದಲದಿದ್ದರೆ ಮಾತ್ರ ಅವನ್ನು ಒಂದರ ಮೇಲೊಂದಿಟ್ಟು ಹೋಲಿಸಬಹುದು. ಬಿರುಕು ಯಾವುದು, ಅಕ್ಷರದ ಗೆರೆ ಯಾವುದು ಎಂಬ ವಿವಾದಗಳಲ್ಲಿ ಹಲವು ಇಷ್ಟರಿಂದಲೇ ತೀರುವುವು.

ಬಂಡೆಯ ಮೇಲೆ ಊರುವಾಗ ಪ್ರತಿಯೊಂದು ಕಾಲೂ ಬೇರೆ ಕೋನದಲ್ಲಿ ಅಗಲುವಂತಿರಬೇಕು. ಮೇಖ್ರಿ ವೃತ್ತದ ಬಳಿಯ ಕೆಂಪೇಗೌಡನ ಗೋಪುರದಂತೆ ಬಂಡೆಯ ಮೇಲೆ ನಿಂತ ಕಟ್ಟಡಗಳ ಎದುರಿನಲ್ಲಿ ಇದು ಚೆನ್ನಾಗಿ ಅನುಭವಕ್ಕೆ ಬರುವುದು. ದೇವಾಲಯದ ಒಳಗೆ ಕಾಲ ತುದಿಗೆ ರಬ್ಬರೇ ಇರತಕ್ಕದ್ದು. ಕಬ್ಬಿಣದ ಮೊಳೆಯಿಂದ ನೆಲಗಲ್ಲನ್ನು ಗೀರಿ ಹೋಗುವವರಿಗೆ ಪ್ರಾಚೀನ ವಸ್ತುಗಳ ಹೆಸರೆತ್ತುವ ಅಧಿಕಾರವಿಲ್ಲ.

ತಲೆಯ ಆಯ್ಕೆಯಲ್ಲಿಯೇ ವಿವೇಕವು ಹೆಚ್ಚು ಬೇಕಾದದ್ದು. ಕ್ಯಾಮೆರಾಕ್ಕೆ ಮೂರು ಚಲನೆಗಳುಂಟು: ಸುತ್ತುವುದು, ಹಿಂದುಮುಂದಕ್ಕೆ ಬಾಗುವುದು, ಪಕ್ಕಕ್ಕೆ ವಾಲುವುದು. ಅಂಗಡಿಗಳಲ್ಲಿ ಮೊದಲು ತೋರಿಸುವ ಗುಂಡುತಲೆಯಲ್ಲಿ, ಎಂದರೆ ಬಾಲ್‌ಹೆಡ್ಡಿನಲ್ಲಿ, ಒಂದೇ ತಿರುಪನ್ನು ಸಡಿಲಿಸಿದರೆ ಮೂರೂ ಒಟ್ಟಿಗೆ ಸಡಿಲವಾಗುವುವು. ಹಾರುವ ಹಕ್ಕಿಯ ಹಿಂದೆ ಬಿದ್ದವರಿಗೆ ಅದು ಅನುಕೂಲ. ಗೋಡೆಯ ಎದುರು ನಿಂತವರಿಗಾದರೋ ವಾಲಿದ್ದನ್ನು ತಿದ್ದಹೋದರೆ ಬಾಗು ಕೆಡುವುದು, ಬಾಗನ್ನು ತಿದ್ದಿದರೆ ವಾಲು ಮರಳುವುದು. ವಿಗ್ರಹವಾಕ್ಯಕ್ಕೆ ಒಳಪಡದ ನಿತ್ಯಸಮಾಸದ ಹಾಗೆ ಅದರ ಅವಯವಗಳನ್ನು ಬಿಡಿಸಿ ನೋಡಲಾಗದು.

ಮೂರು ಹಿಡಿಗಳ ತಲೆಯಲ್ಲಿ ಒಂದೊಂದು ಚಲನೆಗೆ ಒಂದೊಂದು ಹಿಡಿ. ಮಿತವ್ಯಯಿಗಳಾದ ಉಪಾಧ್ಯಾಯರಿಗೆ ಇದು ಸಾಕು. ಆದರೆ ಹಿಡಿಯನ್ನು ಬಿಗಿಮಾಡುವ ಕ್ಷಣದಲ್ಲಿ ಕ್ಯಾಮೆರಾ ಸ್ವಲ್ಪ ಜಾರುವ ಚಾಳಿ ಇದಕ್ಕುಂಟು. ಹಲ್ಲುಚಕ್ರದ ತಲೆಯಲ್ಲಿ, ಎಂದರೆ ಗೇರ್‌ಹೆಡ್ಡಿನಲ್ಲಿ, ಈ ದೋಷವಿಲ್ಲ. ಗುಬುಟನ್ನು ತಿರುಗಿಸಿದಷ್ಟೇ ಕ್ಯಾಮೆರಾ ಚಲಿಸಿ, ಕೈಬಿಟ್ಟಲ್ಲಿಯೇ ನಿಲ್ಲುವುದು. ಮ್ಯಾನ್‌ಫ್ರೊಟ್ಟೊ 410 ಎಂಬುದು ಈ ಬಗೆಯಲ್ಲಿ ಬಹುಕಾಲ ಹೆಸರಾದದ್ದು. ಆರ್ಕಾ-ಸ್ವಿಸ್ ಕಂಪನಿಯ ಕ್ಯೂಬ್ ಇನ್ನೂ ಸೂಕ್ಷ್ಮವಾದದ್ದು. ಅದರ ಬೆಲೆಯನ್ನು ಕೇಳಿದ ಮೇಲೆ ನಾನು 410ರ ಗುಣಗಳನ್ನು ಇನ್ನಷ್ಟು ಕಂಡುಕೊಂಡೆನು.

ಯಾವ ತಲೆಯಾದರೂ ಮೊದಲು ಕಾಲುಗಳನ್ನೇ ಸಮಮಾಡಬೇಕು. ಬುಡ ಓರೆಯಾಗಿದ್ದು ತಲೆಯನ್ನು ಮಾತ್ರ ಸರಿಪಡಿಸಿದರೆ, ಕ್ಯಾಮೆರಾವನ್ನು ಒಂದಿಷ್ಟು ಸುತ್ತಿದೊಡನೆ ಮಟ್ಟವು ಮತ್ತೆ ತಪ್ಪುವುದು.

ಕ್ಯಾಮೆರಾವನ್ನು ಎತ್ತದೆ ಶಿಖರವನ್ನು ಕಾಣುವುದು ಹೇಗೆಂದರೆ, ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸುವ ಉಪಾಯವಿದೆ. 24 ಮಿ. ಮೀ. ನಾಭಿದೂರದ ಅಂಥ ಲೆನ್ಸು 12 ಮಿ. ಮೀ. ಸರಿಯುವುದಾದರೆ, 24 ಮತ್ತು 36 ಮಿ. ಮೀ. ಅಳತೆಯ ಚೌಕಟ್ಟನ್ನು ನಿಲುವಾಗಿ ಇಟ್ಟು 30 ಅಡಿ ದೂರದಲ್ಲಿ ನಿಂತವನಿಗೆ ಲೆನ್ಸಿನಿಂದ ಮೇಲೆ 37 1/2 ಅಡಿ, ಕೆಳಗೆ 7 1/2 ಅಡಿ ಕಾಣುವುದು. ಲೆನ್ಸು 5 ಅಡಿ ಎತ್ತರದಲ್ಲಿದ್ದರೆ ಅಧಿಷ್ಠಾನವೂ ಶಿಖರವೂ ಒಂದೇ ಚಿತ್ರದಲ್ಲಿ, ಕಂಬಗಳು ನೆಟ್ಟಗೆ. ಆದರೆ ಕ್ಯಾಮೆರಾವನ್ನು ಹೀಗೆ ನಿಲುವಾಗಿಸಲು ತಲೆಯನ್ನೇ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಹೊರಕ್ಕೆ ಬೀಳುತ್ತದೆ. ಅದಕ್ಕೆ ಎಲ್ ಆಕಾರದ ತಗಡನ್ನು ಜೋಡಿಸಿಕೊಳ್ಳಬೇಕು.

ಯಲಹಂಕದಿಂದ ಉತ್ತರಕ್ಕೆ ಹೋದರೆ ಸಿಗುವ ನಂದಿಯ ಭೋಗನಂದೀಶ್ವರಾಲಯದಲ್ಲಿ ಈ ಎಲ್ಲ ವಿಚಾರಗಳೂ ಒಟ್ಟಿಗೆ ಪರೀಕ್ಷೆಗೆ ಬರುವುವು. ಅಲ್ಲಿಯ ಕಲ್ಯಾಣಮಂಟಪದ ಕರಿಗಲ್ಲಿನ ಕಂಬಗಳ ಕೆತ್ತನೆ ಅತಿಸೂಕ್ಷ್ಮ, ಒಳಗೆ ಬೆಳಕು ಅತ್ಯಲ್ಪ. ಐ. ಎಸ್. ಒ. 100, ಎಫ್ 8 ಎಂದು ಇಟ್ಟುಕೊಂಡರೆ ಇಂಥ ಒಳಾಂಗಣಗಳಲ್ಲಿ 10ರಿಂದ 30 ಸೆಕೆಂಡುಗಳವರೆಗೆ ಕಣ್ಣು ತೆರೆದಿಡಬೇಕಾಗುವುದು. ಆಗ ಗುಂಡಿಯನ್ನು ಬೆರಳಿನಿಂದ ಒತ್ತಕೂಡದು, ಎರಡು ಸೆಕೆಂಡು ತಡೆದು ತೆರೆಯುವ ಏರ್ಪಾಡನ್ನು ಬಳಸಬೇಕು. 1258ರ ಸೋಮನಾಥಪುರದ ಕೇಶವಾಲಯದಲ್ಲಿ ನವರಂಗದ 16 ಭುವನೇಶ್ವರಿಗಳಿಗಾಗಿ ಕ್ಯಾಮೆರಾ ನೆತ್ತಿಗೆ ನೇರವಾಗಿ ಮುಖಮಾಡಬೇಕು. 410ರಲ್ಲಿ 90 ಡಿಗ್ರಿ ಬಾಗು ಸಿಗುವುದು. ಕ್ಯೂಬಿನಲ್ಲಿ ಹಲ್ಲುಚಕ್ರದ ಬಾಗು ಅದರ ಮೂರನೆಯ ಒಂದು ಪಾಲನ್ನೂ ಮುಟ್ಟದು. ಕೊಳ್ಳುವ ಮುನ್ನ ಇದನ್ನು ಅಂಗಡಿಯಲ್ಲಿಯೇ ತಿರುಗಿಸಿ ನೋಡಬೇಕು. ಇವೆರಡೂ ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಥಳಗಳು. ಮುಕ್ಕಾಲಿಯನ್ನು ಊರಲು ಮುಂಚಿತವಾಗಿ ಬರಹದ ಅನುಮತಿಯನ್ನು ಪಡೆದಿರಬೇಕು. ಬಾಗಿಲಲ್ಲಿ ಕಾವಲುಗಾರನೊಡನೆ ವಾದಿಸಿ ಫಲವಿಲ್ಲ. ಅವನು ನಿಯಮವನ್ನು ಪಾಲಿಸುತ್ತಿರುವನು.

ಮುಕ್ಕಾಲಿ ನಿಂತ ಸ್ಥಳವನ್ನು ಬರೆದಿಡುವ ಕ್ರಮವು ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು 1856ರಲ್ಲಿ ಹಂಪೆಯ ಕಟ್ಟಡಗಳನ್ನು ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಿಸಿದನು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಅವನು ನಿಂತ ಸ್ಥಾನಗಳನ್ನೇ ಹುಡುಕಿ, ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟರೆ ಯಾವ ಗೋಪುರದ ಗಾರೆ ಉದುರಿತು, ಯಾವ ಕಂಬ ಬಿತ್ತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಈಗ ನಾನು ಪ್ರತಿಯೊಂದು ಚಿತ್ರದ ಜತೆಗೂ ನಾಲ್ಕು ಸಂಗತಿಗಳನ್ನು ಗುರುತು ಹಾಕುತ್ತೇನೆ: ನೆಲದಿಂದ ಲೆನ್ಸಿನ ಎತ್ತರ, ಗೋಡೆಯಿಂದ ದೂರ, ಲೆನ್ಸಿನ ನಾಭಿದೂರ, ಅದನ್ನು ಸರಿಸಿದ ಮಿಲಿಮೀಟರು. ಚೌಕಟ್ಟಿನ ಅಂಚಿನಲ್ಲಿ ತೂಗುಗುಂಡೊಂದನ್ನು ಇಳಿಬಿಟ್ಟು ಚಿತ್ರದೊಳಗೇ ಅದು ಕಾಣುವಂತೆಯೂ ಮಾಡುತ್ತೇನೆ. ಚಿತ್ರದ ಅಂದ ಕೆಡುವುದೆಂದು ಮುದ್ರಣಕ್ಕೆ ಅಣಿಮಾಡುವವರು ಆ ದಾರವನ್ನು ಕತ್ತರಿಸಲು ನೋಡುತ್ತಾರೆ; ಬಿಡುವುದಿಲ್ಲ.