ಗಡಿಯಾಚೆ ಚಾಲನಾ ಪರವಾನಗಿ: ಬ್ರೆಕ್ಸಿಟ್ ನಂತರದ ಸ್ಥಿತಿ

ನಮ್ಮ ಸಂಘದ ಸದಸ್ಯರ ಕುಟುಂಬಗಳಲ್ಲಿ ಮಗನೋ ಮಗಳೋ ವಿದೇಶದಲ್ಲಿ ನೆಲೆಸಿರದ ಮನೆಗಳು ಈಗ ವಿರಳ. ಲಂಡನ್ನಿನ ಮಗಳ ಮನೆಗೆ ಹೊರಟು ನಿಂತಿದ್ದ ಮಿತ್ರರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ. "ಬ್ರಿಟನ್ ಈಗ ಐರೋಪ್ಯ ಒಕ್ಕೂಟದಲ್ಲಿ ಇಲ್ಲವಷ್ಟೆ. ರಜೆಯಲ್ಲಿ ಎಲ್ಲರೂ ಸ್ಪೇನಿಗೆ ಹೋಗುವುದಿದೆ. ಮಗಳ ಬ್ರಿಟಿಷ್ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ? ನನ್ನ ಲೈಸೆನ್ಸ್ ಲಂಡನ್ನಿನಲ್ಲಿ ನಡೆಯುತ್ತದೆಯೇ?"

ನಾನು ಬ್ಯಾಂಕ್ ನೌಕರ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಹಾಗೂ ಕಾರ್ಪೊರೇಷನ್ ಬ್ಯಾಂಕುಗಳು ವಿಲೀನಗೊಂಡಾಗ ಹಳೆಯ ಚೆಕ್ ಪುಸ್ತಕ ಹಿಡಿದು ಗಾಬರಿಯಾದ ಹಿರಿಯರನ್ನು ಕಂಡವನು. ಅವರ ಹಣ ಎಲ್ಲಿಗೂ ಹೋಗಿರಲಿಲ್ಲ. ಆ ಹಾಳೆಯನ್ನು ಮನ್ನಿಸುವ ವ್ಯವಸ್ಥೆಗೆ ಮಾತ್ರ ಕೊನೆಯ ದಿನಾಂಕವೊಂದು ಬಂದಿತ್ತು. ಚಾಲನಾ ಪರವಾನಗಿಯ ಸಂಗತಿಯೂ ಹೀಗೆಯೇ. ಒಂದು ದೇಶದ ಪರವಾನಗಿಯನ್ನು ಇನ್ನೊಂದು ದೇಶ ಮನ್ನಿಸುವುದು ಒಪ್ಪಂದದ ಬಲದಿಂದ. ರಾಜಕೀಯ ಬದಲಾದಾಗ ಕುಸಿಯುವುದು ಆ ಒಪ್ಪಂದವೇ ಹೊರತು ಚಾಲಕನ ಅರ್ಹತೆಯಲ್ಲ.

ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟದಿಂದ ಹೊರಬಂದಿತು. ಸಂಧಿಕಾಲದ ವ್ಯವಸ್ಥೆ ಅದೇ ವರ್ಷದ ಡಿಸೆಂಬರ್ 31ಕ್ಕೆ ಮುಗಿಯಿತು. ಈ ಗೊಂದಲವನ್ನು ಮೊದಲೇ ಊಹಿಸಿದ ಬ್ರಿಟನ್, ರಸ್ತೆ ಸಂಚಾರ ಕುರಿತ 1968ರ ವಿಯೆನ್ನಾ ಒಡಂಬಡಿಕೆಯನ್ನು 2018ರಲ್ಲಿ, ಅಂದರೆ ಐವತ್ತು ವರ್ಷಗಳ ಬಳಿಕ, ಅನುಮೋದಿಸಿತು. ಪ್ರವಾಸಿಗಳಿಗೆ ಹೆಚ್ಚಿನ ತೊಂದರೆ ಆಗಲಿಲ್ಲ. ಭಾವಚಿತ್ರವಿರುವ ಬ್ರಿಟಿಷ್ ಕಾರ್ಡ್ ಇದ್ದವರು ಸ್ಪೇನಿನಲ್ಲಿ ರಜೆಯ ಕಾಲಕ್ಕೆ ವಾಹನ ನಡೆಸಬಹುದು. ಹಳೆಯ ಕಾಗದದ ಲೈಸೆನ್ಸ್ ಉಳ್ಳವರಿಗೆ ಮಾತ್ರ ಕೆಲವೆಡೆ ಅಂತಾರಾಷ್ಟ್ರೀಯ ಪರವಾನಗಿಯೂ ಬೇಕಾದೀತು.

ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿಯೇ ಮನೆ ಮಾಡಿಕೊಂಡಿದ್ದವರಿಗೆ. ಸ್ಪೇನಿನಲ್ಲಿ ನೆಲೆಸಿದ್ದ ಬ್ರಿಟಿಷರಿಗೆ ಕೆಲವು ತಿಂಗಳುಗಳ ಕಾಲಾವಕಾಶವನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. 2022ರ ಏಪ್ರಿಲ್ 30ಕ್ಕೆ ಅದೂ ಮುಗಿದು, ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಅಲ್ಲಿದ್ದು ಲೈಸೆನ್ಸ್ ಬದಲಾಯಿಸಿಕೊಳ್ಳದವರು ಮೇ 1ರಿಂದ ಸ್ಟೀರಿಂಗ್ ಮುಟ್ಟುವಂತಿರಲಿಲ್ಲ. ಉಭಯ ಸರಕಾರಗಳ ಮಾತುಕತೆ ಫಲಿಸಿ ಹೊಸ ಒಪ್ಪಂದ ಜಾರಿಗೆ ಬಂದದ್ದು 2023ರ ಮಾರ್ಚ್ 16ರಂದು. ಹತ್ತೂವರೆ ತಿಂಗಳು! ನಿವೃತ್ತರಾಗಿ, ಬಸ್ಸೂ ಬಾರದ ಹಳ್ಳಿಯಲ್ಲಿ ಮನೆ ಕೊಂಡವರು ಆಸ್ಪತ್ರೆಗೆ, ಅಂಗಡಿಗೆ ಹೇಗೆ ಹೋಗಬೇಕು? ನಲವತ್ತು ವರ್ಷ ವಾಹನ ನಡೆಸಿದವರಿಗೂ ಸ್ಪೇನಿನ ಪರೀಕ್ಷೆಗೆ ಕುಳಿತುಕೊಳ್ಳುವುದೊಂದೇ ದಾರಿಯಾಗಿತ್ತು. ಫ್ರಾನ್ಸ್ 2021ರಲ್ಲಿಯೇ ಒಪ್ಪಂದಕ್ಕೆ ಬಂದಿತ್ತು, ಇಟಲಿ 2023ರಲ್ಲಿ. ಒಂದೇ ಬ್ರೆಕ್ಸಿಟ್, ಆದರೆ ದೇಶಕ್ಕೊಂದು ನ್ಯಾಯ.

ರಾಜಕೀಯ ಬದಲಾವಣೆಯೆಂದರೆ ಯಾವಾಗಲೂ ಹೀಗಾಗಬೇಕೆಂದಿಲ್ಲ. 1990ರಲ್ಲಿ ಪೂರ್ವ ಜರ್ಮನಿ ಎಂಬ ರಾಷ್ಟ್ರವೇ ಇಲ್ಲವಾಯಿತು. ಅದು ಕೊಟ್ಟ ಲೈಸೆನ್ಸ್‌ಗಳು ಮಾತ್ರ ಮಾನ್ಯವಾಗಿಯೇ ಉಳಿದವು. 2022ರಲ್ಲಿ ಯುದ್ಧದಿಂದ ಓಡಿಬಂದ ಉಕ್ರೇನಿನವರ ಲೈಸೆನ್ಸ್‌ಗಳನ್ನು, ಅವರಿಗೆ ತಾತ್ಕಾಲಿಕ ಆಶ್ರಯ ಇರುವವರೆಗೂ ಮನ್ನಿಸುವುದೆಂದು ಐರೋಪ್ಯ ಒಕ್ಕೂಟವು ಕೆಲವೇ ತಿಂಗಳಲ್ಲಿ ನಿಯಮ ಮಾಡಿತು. ಮನಸ್ಸಿದ್ದರೆ ಮಾರ್ಗ.

ಇನ್ನು ನಮ್ಮ ವಿಚಾರ. ಭಾರತವು 1949ರ ಜಿನೀವಾ ಒಡಂಬಡಿಕೆಗೆ ಸೇರಿದ ದೇಶ. ನಮ್ಮ ಆರ್.ಟಿ.ಓ. ಕಚೇರಿಗಳು ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐ.ಡಿ.ಪಿ., ಅದಕ್ಕೆ ಅನುಗುಣವಾದದ್ದು. ಅದರ ಆಯುಸ್ಸು ಹೆಚ್ಚೆಂದರೆ ಒಂದು ವರ್ಷ. ಮೂಲ ಲೈಸೆನ್ಸ್ ಮೊದಲೇ ಮುಗಿದರೆ ಅದೂ ಮುಗಿಯಿತು. 55 ದಾಟಿದವರಿಗೆ ಈಗ ಐದೈದು ವರ್ಷಕ್ಕೆ ನವೀಕರಣವಾದ್ದರಿಂದ ನನ್ನ ವಯಸ್ಸಿನವರು ಈ ದಿನಾಂಕವನ್ನು ಮೊದಲು ನೋಡಿಕೊಳ್ಳಬೇಕು. ಐ.ಡಿ.ಪಿ. ಕೇವಲ ಅನುವಾದ ಪತ್ರವಿದ್ದಂತೆ. ಮೂಲ ಲೈಸೆನ್ಸ್ ಜತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ವಿದೇಶದಲ್ಲಿರುವಾಗಲೇ ಅದರ ಅವಧಿ ತೀರಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸುವ ಅನುಕೂಲವು 2021ರಿಂದ ಇದೆ.

ಬ್ರಿಟನ್ನಿನಲ್ಲಿ ಭಾರತೀಯ ಲೈಸೆನ್ಸ್‌ನಿಂದ ಹನ್ನೆರಡು ತಿಂಗಳು ಕಾರು ನಡೆಸಬಹುದು. ಅಲ್ಲಿಯೇ ನೆಲೆಸುವವರು ಆಮೇಲೆ ಪರೀಕ್ಷೆ ಬರೆದು, ಚಾಲನೆ ತೋರಿಸಿ ಅಲ್ಲಿನದನ್ನೇ ಪಡೆಯಬೇಕು. ಹಾಂಗ್‌ಕಾಂಗ್, ಸಿಂಗಪುರದವರಿಗಿರುವ ನೇರ ಬದಲಾವಣೆಯ ಸೌಲಭ್ಯ ನಮಗಿಲ್ಲ. ಜರ್ಮನಿಯಲ್ಲಿ ನೆಲೆಸುವವರಿಗೆ ಆರೇ ತಿಂಗಳು. ಅತ್ತಲಿಂದ ರಜೆಗೆಂದು ಧಾರವಾಡಕ್ಕೋ ಉಡುಪಿಗೋ ಬರುವ, ಬ್ರಿಟಿಷ್ ಲೈಸೆನ್ಸ್ ಮಾತ್ರ ಇರುವ ಮೊಮ್ಮಕ್ಕಳು ಅಜ್ಜನ ಕಾರಿನ ಕೀಲಿಕೈ ಕೇಳಿದರೆ, 1949ರ ಮಾದರಿಯ ಐ.ಡಿ.ಪಿ. ತಂದಿದ್ದಾರೆಯೇ ಎಂದು ವಿಚಾರಿಸಿರಿ.

ಮಿತ್ರರಿಗೆ ಇಷ್ಟನ್ನೂ ವಿವರಿಸಿದೆ. ಸ್ಪೇನಿಗಾಗಿ ಅವರು ಐ.ಡಿ.ಪಿ. ಮಾಡಿಸಿಕೊಂಡರು. ಆದರೆ ನಮ್ಮಿಬ್ಬರಿಗೂ ಹೊಳೆಯದ ಒಂದು ಸಂಗತಿಯನ್ನು ಮಗಳೇ ಫೋನಿನಲ್ಲಿ ತಿಳಿಸಿದಳು. ಬ್ರಿಟನ್ನಿನಲ್ಲಿ ವಿಮೆ ಇಳಿಸುವುದು ಸಾಮಾನ್ಯವಾಗಿ ಚಾಲಕರ ಹೆಸರು ನಮೂದಿಸಿ. "ಅಪ್ಪಾ, ನನ್ನ ಕಾರಿನ ಪಾಲಿಸಿಯಲ್ಲಿ ನಿಮ್ಮ ಹೆಸರಿಲ್ಲ. ಸೇರಿಸುವವರೆಗೆ ನೀವು ಪಕ್ಕದ ಸೀಟಿನಲ್ಲೇ ಕೂರಬೇಕು" ಎಂದಳಂತೆ.